ಸೋಲಲು ಒಪ್ಪದ ಓದು

ಕಳೆದ ವರ್ಷ ದಸರಾ ರಜೆಗೆ ಊರಿಗೆ ಹೋಗಿದ್ದಾಗ ನನ್ನ ಬ್ಯಾಗಿನಿಂದ ಬಟ್ಟೆ ತೆಗೆಯುತ್ತಿದ್ದ ಅಮ್ಮನ ಕೈಗೆ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆರೆದವಳೇ, "ಏನೇ ಇದು, ಇಸ್ಪೀಟು! ಪಿಎಚ್.ಡಿ. ಮಾಡ್ತೀನಿ ಅಂತ ಹೋಗಿ ಇಸ್ಪೀಟು ಕಲ್ತ್ಕೊಂಡು ಬಂದಿದ್ದೀಯಾ?" ಎಂದಳು. ನಾನು ಗಂಭೀರವಾಗಿ, "ಇಸ್ಪೀಟಲ್ಲಮ್ಮ, ಟ್ಯಾರೋ. ಇದರಲ್ಲಿ ಭವಿಷ್ಯ ನೋಡ್ತಾರೆ" ಎಂದೆ. ಅವಳು ನಾಲ್ಕಾರು ಎಲೆ ಬಿಡಿಸಿ ನೋಡಿ, "ರಾಜ ಇದಾನೆ, ರಾಣಿ ಇದಾಳೆ, ನಂಬರ್ ಇದೆ. ಇಸ್ಪೀಟೇ" ಎಂದು ಹೇಳಿ ಪೆಟ್ಟಿಗೆ ಮುಚ್ಚಿಟ್ಟಳು.

ಅಮ್ಮ ಹೇಳಿದ್ದೇ ಸರಿ. ಫೆಲೋಶಿಪ್ಪಿನ ದುಡ್ಡಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಎರಡು ವಾರಾಂತ್ಯ ಆನ್‌ಲೈನ್ ತರಗತಿಯಲ್ಲಿ ಕೂತ ನನಗೆ ತಿಳಿಯದೇ ಹೋದದ್ದು ಅವಳಿಗೆ ಒಂದೇ ನೋಟಕ್ಕೆ ತಿಳಿದಿತ್ತು.

ಈ ಬರಹ ಟ್ಯಾರೋ ಎಲೆಗಳ ವಿರುದ್ಧ ಅಲ್ಲ. ಅವು ಈಗಲೂ ನನ್ನ ಮೇಜಿನ ಮೇಲಿವೆ, ನನಗೆ ಇಷ್ಟ. "ಅಯ್ಯೋ ಮೂಢನಂಬಿಕೆ" ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವವರ ಪರವಾಗಿಯೂ ಇಲ್ಲ. ನನ್ನ ಜಗಳ ಟ್ಯಾರೋವನ್ನು ಈಗ ಕಲಿಸುತ್ತಿರುವ ರೀತಿಯ ಮೇಲೆ, ಅದನ್ನು ಬಾಯಿ ಮುಚ್ಚಿಕೊಂಡು ಕಲಿತ ನನ್ನಂಥವರ ಮೇಲೆ. ಎಂದಿಗೂ ತಪ್ಪಾಗದಂತೆ ಓದುವುದು ಹೇಗೆ ಎಂಬುದನ್ನು ಅಲ್ಲಿ ಕಲಿಸುತ್ತಾರೆ. ತಪ್ಪಾಗಲು ಸಾಧ್ಯವೇ ಇಲ್ಲದ ಓದು ಓದಲ್ಲ ಎಂಬುದು ನನ್ನ ವಾದ. ಈ ವಾದ ಕೊನೆಗೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಬುಡಕ್ಕೂ ಬರುತ್ತದೆ.

ಮೊದಲು ಆ ತರಗತಿಯ ಮೊದಲ ಗಂಟೆ. "ಇದು ಈಜಿಪ್ಟಿನ ಪುರೋಹಿತರು ಚಿತ್ರಗಳಲ್ಲಿ ಬಚ್ಚಿಟ್ಟ ಐದು ಸಾವಿರ ವರ್ಷದ ಜ್ಞಾನ" ಎಂದರು ಕಲಿಸುವವರು. ಗೈಡ್ ಮುಂದೆ ಒಂದು ಸಾಲು ಬರೆದರೂ ಅಡಿಟಿಪ್ಪಣಿ ಹಾಕುವ ನಾನು ಇದನ್ನು ಮಾತ್ರ ಪ್ರಶ್ನೆಯಿಲ್ಲದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದುಡ್ಡು ಕೊಟ್ಟ ಮೇಲೆ ಅನುಮಾನ ಪಡಲು ಮನಸ್ಸು ಬರುವುದಿಲ್ಲ. ಹುಡುಕಿ ಓದಿದ್ದು ತಿಂಗಳುಗಳ ನಂತರ.

ಇಸ್ಪೀಟು ಯುರೋಪಿಗೆ ಬಂದದ್ದು 1370ರ ದಶಕದ ಹೊತ್ತಿಗೆ, ಮುಸ್ಲಿಂ ಜಗತ್ತಿನಿಂದ. ಈಜಿಪ್ಟ್ ಮತ್ತು ಸಿರಿಯಾ ಆಳುತ್ತಿದ್ದ ಮಾಮ್ಲೂಕರ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ, ಪೋಲೊ ಕೋಲು ಎಂಬ ನಾಲ್ಕು ಗುಂಪುಗಳಿದ್ದವು. ಪೋಲೊ ಆಟವನ್ನೇ ಅರಿಯದ ಯುರೋಪಿನವರ ಕೈಯಲ್ಲಿ ಆ ಕೋಲು ಬರೀ ದೊಣ್ಣೆಯಾಯಿತು. ಇನ್ನೂ ಕೆಲವು ಶತಮಾನ ಕಳೆದ ಮೇಲೆ ಅದೇ ದೊಣ್ಣೆ ಮಂತ್ರದಂಡವಾಯಿತು. ಟ್ಯಾರೋದಲ್ಲಿ ಈಜಿಪ್ಟಿನ ಪಾಲು ಏನಾದರೂ ಇದ್ದರೆ ಅದು ಇಷ್ಟು: ಒಂದು ಆಟ, ಮತ್ತು ಒಂದು ಪೋಲೊ ಕೋಲು.

1440ರ ಸುಮಾರಿಗೆ ಉತ್ತರ ಇಟಲಿಯ ಆಸ್ಥಾನಗಳಲ್ಲಿ ಈ ನಾಲ್ಕು ಗುಂಪಿಗೆ ಇನ್ನೊಂದಷ್ಟು ಚಿತ್ರದ ಎಲೆಗಳನ್ನು ಸೇರಿಸಿದರು. ಚಕ್ರವರ್ತಿ, ಪೋಪ್, ಅದೃಷ್ಟಚಕ್ರ, ಸಾವು, ಚಂದ್ರ, ಸೂರ್ಯ. ಇವು ತುರುಫು ಎಲೆಗಳು. ನಮ್ಮೂರ ಕಟ್ಟೆಯ ಮೇಲೆ ಇಪ್ಪತ್ತೆಂಟು ಆಡುವವರಿಗೆ ತುರುಫು ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಎದುರಾಳಿ ಎಷ್ಟೇ ದೊಡ್ಡ ಎಲೆ ಹಾಕಿದರೂ ಅದನ್ನು ಹೊಡೆದು ಆ ಸುತ್ತನ್ನು ಬಾಚಿಕೊಳ್ಳುವ ಎಲೆ. 56 ಮಾಮೂಲಿ ಎಲೆ, 22 ವಿಶೇಷ ಎಲೆ, ಒಟ್ಟು 78. ಮಿಲಾನಿನ ವಿಸ್ಕೊಂತಿ-ಸ್ಫೋರ್ಜಾ ಮನೆತನಕ್ಕಾಗಿ ಚಿನ್ನದ ಹಾಳೆ ಅಂಟಿಸಿ ಬರೆಸಿದ ಒಂದು ಕಟ್ಟಿನ 74 ಎಲೆಗಳು ಇಂದಿಗೂ ಉಳಿದಿವೆ. ಕಾಣೆಯಾದ ನಾಲ್ಕರಲ್ಲಿ ಎರಡು ಯಾವುವು ಗೊತ್ತೇ? ಸೈತಾನ ಮತ್ತು ಗೋಪುರ. ಇಂದು ಟ್ಯಾರೋ ನೋಡಿಸಿಕೊಳ್ಳುವವರು ಯಾವ ಎಲೆ ಬಂದರೆ ಬೆಚ್ಚಿ ಬೀಳುತ್ತಾರೋ ಆ ಎಲೆಗಳು ಆ ಕಟ್ಟಿನಲ್ಲಿ ಇಲ್ಲವೇ ಇಲ್ಲ.

ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಇದನ್ನು ಆಡಿದರು. ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಈಗಲೂ ಆಡುತ್ತಾರೆ. 1781ರಲ್ಲಿ ಕೂರ್ ದ ಜೆಬಲಾಂ ಎಂಬ ಫ್ರೆಂಚ್ ಪಂಡಿತ ತನ್ನ ಬೃಹತ್ ಗ್ರಂಥದ ಒಂದು ಸಂಪುಟದಲ್ಲಿ ಇದು ಈಜಿಪ್ಟಿನ ಥಾಥ್ ದೇವರ ಪುಸ್ತಕ ಎಂದು ಬರೆದುಬಿಟ್ಟ. ಟ್ಯಾರೋ ಎಂಬ ಪದಕ್ಕೆ ಈಜಿಪ್ಟಿನ ಭಾಷೆಯಲ್ಲಿ 'ರಾಜಮಾರ್ಗ' ಎಂಬ ಅರ್ಥವನ್ನೂ ಕೊಟ್ಟ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಶಾಂಪೊಲಿಯೋ ಆ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಓದಲು ಬಾರದ ಲಿಪಿಯ ಹೆಸರಿನಲ್ಲಿ ಒಬ್ಬ ಅರ್ಥ ಹೇಳಿದ, ಜಗತ್ತು ನಂಬಿತು. ನಾಲ್ಕೇ ವರ್ಷದಲ್ಲಿ, 1785ರಲ್ಲಿ, ಅಲಿಯೆತ್ ಎಂಬಾತ ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಹೊಸ ಹೆಸರಿಟ್ಟುಕೊಂಡು ಟ್ಯಾರೋದಿಂದ ಭವಿಷ್ಯ ನೋಡುವ ಕೈಪಿಡಿ ತಂದ. ವ್ಯಾಪಾರ ಶುರುವಾದದ್ದು ಹೀಗೆ.

ಇದನ್ನೆಲ್ಲ ಜಾಲಾಡಿ 1980ರಲ್ಲಿ ದಪ್ಪ ಪುಸ್ತಕ ಬರೆದವನು ಮೈಕೇಲ್ ಡಮೆಟ್. ಆಕ್ಸ್‌ಫರ್ಡಿನ ತರ್ಕಶಾಸ್ತ್ರದ ಪ್ರಾಧ್ಯಾಪಕ, ಭಾಷೆಯ ತತ್ತ್ವಶಾಸ್ತ್ರದಲ್ಲಿ ದೊಡ್ಡ ಹೆಸರು. ಪದಕ್ಕೆ ಅರ್ಥ ಬರುವುದು ಹೇಗೆ ಎಂದು ಜೀವಮಾನವಿಡೀ ಚಿಂತಿಸಿದ ಆತ ಈ ಎಲೆಗಳ ವಿಷಯದಲ್ಲಿ ಕೇಳಿದ್ದು ಎಷ್ಟು ಸರಳ ಪ್ರಶ್ನೆ: ಜನ ಇದನ್ನು ಹಿಡಿದು ನಿಜಕ್ಕೂ ಏನು ಮಾಡುತ್ತಿದ್ದರು? ಉತ್ತರವೂ ಸರಳ. ಆಡುತ್ತಿದ್ದರು.

"ಆದರೆ ಆ ಚಿತ್ರಗಳನ್ನು ನೋಡಿ, ಸಾವು, ಸೈತಾನ, ಚಂದ್ರ... ಬರೀ ಆಟಕ್ಕೆ ಯಾರಾದರೂ ಇಂಥ ಚಿತ್ರ ಬರೆಯುತ್ತಾರಾ?" ಎಂದು ತರಗತಿಯ ಗೆಳತಿಯೊಬ್ಬಳು ಕೇಳಿದಳು. ಮೈಸೂರಿನಲ್ಲಿ ಓದಿದವರು ಕೇಳಬಾರದ ಪ್ರಶ್ನೆ ಅದು. ನಮ್ಮಲ್ಲಿ ಗಂಜೀಫಾ ಇದೆ. ದಶಾವತಾರ ಗಂಜೀಫಾದಲ್ಲಿ ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಗುಂಪು, ಗುಂಪಿಗೆ ಹನ್ನೆರಡರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ದೇವದೇವತೆಯರ ಚಿತ್ರಗಳಿಂದ ಇನ್ನೂ ದೊಡ್ಡ, ಇನ್ನೂ ಜಟಿಲವಾದ ಕಟ್ಟುಗಳನ್ನೇ ರೂಪಿಸಿದರು. ಸಾಕ್ಷಾತ್ ವಿಷ್ಣುವಿನ ಅವತಾರಗಳೇ ಕೈಯಲ್ಲಿದ್ದರೂ ನಮ್ಮ ಜನ ಅದನ್ನು ಆಟವೆಂದರು, ಕಲೆಯೆಂದರು. ವೇದವೆನ್ನಲಿಲ್ಲ. ಎಲೆಯ ಮೇಲೆ ದೇವರಿದ್ದ ಮಾತ್ರಕ್ಕೆ ಎಲೆ ದೇವರ ಮಾತಾಗುವುದಿಲ್ಲ.

ಸುಳ್ಳು ವಂಶಾವಳಿಯಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಒಬ್ಬಳಿಗಂತೂ ಆಗಿದೆ. ಇಂದು ನಾವು ಕೊಳ್ಳುವ ಬಹುಪಾಲು ಕಟ್ಟುಗಳ ಮೂಲ 1909ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟು. ಅದನ್ನು 'ರೈಡರ್-ವೇಟ್' ಎನ್ನುತ್ತಾರೆ. ರೈಡರ್ ಪ್ರಕಾಶಕ, ವೇಟ್ ಯೋಜನೆ ಹಾಕಿದವನು. 78 ಚಿತ್ರಗಳನ್ನು ಕೂತು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಅದಕ್ಕೆ ಮೊದಲು ಸಾಮಾನ್ಯವಾಗಿ ಬಟ್ಟಲಿನ ಐದು ಎಂದರೆ ಐದು ಬಟ್ಟಲು ಅಷ್ಟೇ, ನಮ್ಮ ಇಸ್ಪೀಟಿನ ಐದರ ಹಾಗೆ. ಆಕೆ ಅದನ್ನೊಂದು ದೃಶ್ಯ ಮಾಡಿದಳು. ಕಪ್ಪು ನಿಲುವಂಗಿ ಹೊದ್ದು ತಲೆ ತಗ್ಗಿಸಿ ನಿಂತ ಒಬ್ಬರು, ಮುಂದೆ ಚೆಲ್ಲಿಬಿದ್ದ ಮೂರು ಬಟ್ಟಲು, ಬೆನ್ನ ಹಿಂದೆ ಇನ್ನೂ ನೆಟ್ಟಗೆ ನಿಂತ ಎರಡು ಬಟ್ಟಲು, ದೂರದಲ್ಲಿ ಒಂದು ಸೇತುವೆ. ರಂಗಭೂಮಿಯ ಕೆಲಸ ಬಲ್ಲವಳು ಆಕೆ, ಹಾಗಾಗಿ ಎಷ್ಟೋ ಎಲೆಗಳು ನಾಟಕದ ಒಂದು ಕ್ಷಣವನ್ನು ತಡೆದು ನಿಲ್ಲಿಸಿದಂತಿವೆ. ಟ್ಯಾರೋ ಕಲಿಯುವವರಿಗೆ ಎಲೆ 'ಮಾತಾಡಿತು' ಅನ್ನಿಸಿದರೆ ಅಲ್ಲಿ ಮಾತಾಡಿದ್ದು ಬಹುಮಟ್ಟಿಗೆ ಈಕೆಯ ಕುಂಚ. ಕೆಲಸ ಬೆಟ್ಟದಷ್ಟು, ದುಡ್ಡು ಸಾಸಿವೆಯಷ್ಟು ಎಂಬ ಅರ್ಥದ ಮಾತನ್ನು ಆಕೆ ಪರಿಚಿತನೊಬ್ಬನಿಗೆ ಪತ್ರದಲ್ಲಿ ಬರೆದಳು. 1951ರಲ್ಲಿ ಕಾರ್ನ್‌ವಾಲಿನ ಒಂದು ಊರಿನಲ್ಲಿ ಸಾಲದಲ್ಲೇ ತೀರಿಕೊಂಡಳು. ಎಲೆಗಳ ಮೂಲೆಯಲ್ಲಿ ಬಳ್ಳಿಯಂತೆ ಸುತ್ತಿಕೊಂಡ ಆಕೆಯ ಸಹಿಯಿದೆ. ನನ್ನ ತರಗತಿಯಲ್ಲಿ ಆಕೆಯ ಹೆಸರು ಒಮ್ಮೆಯೂ ಬರಲಿಲ್ಲ. ಹೆಸರಿಲ್ಲದ ಈಜಿಪ್ಟಿನ ಪುರೋಹಿತರಿಗೆ ಸಲ್ಲಿಸಿದ ನಮಸ್ಕಾರದಲ್ಲಿ ಹೆಸರಿದ್ದ ಒಬ್ಬ ಹೆಂಗಸಿನ ದುಡಿಮೆ ಮುಚ್ಚಿಹೋಯಿತು.

ಇನ್ನು ಎರಡನೇ ಪಾಠ, ಓದುವ ವಿಧಾನ. ನನ್ನ ನೋಟ್‌ಬುಕ್ ಈಗಲೂ ಇದೆ, ಅದರಿಂದಲೇ ಹೇಳುತ್ತೇನೆ. ಸಾವಿನ ಎಲೆ ಬಂದರೆ ಸಾವು ಅನ್ನಬೇಡಿ, ಬದಲಾವಣೆ ಅನ್ನಿ. ಗೋಪುರ ಬಂದರೆ ಕುಸಿತ, ಆದರೆ ಕುಸಿತವೇ ಬಿಡುಗಡೆ. ಎಲೆ ತಲೆಕೆಳಗಾಗಿ ಬಂದರೆ ಅರ್ಥ ತಿರುಗುತ್ತದೆ, ಇಲ್ಲವೇ ತಡವಾಗುತ್ತದೆ, ಇಲ್ಲವೇ ಹೊರಗೆ ನಡೆಯಬೇಕಾದದ್ದು ಒಳಗೆ ನಡೆಯುತ್ತದೆ. ಕೇಳಲು ಬಂದವರು "ಹಾಗೇನೂ ಆಗಿಲ್ವಲ್ಲ" ಎಂದರೆ? "ಇನ್ನೂ ಆಗಿಲ್ಲ" ಅನ್ನಿ. ಆರು ತಿಂಗಳು ಬಿಟ್ಟು ಬಂದು "ಆಗಲೇ ಇಲ್ಲ" ಎಂದರೆ? "ನಿಮ್ಮ ಎನರ್ಜಿ ಆಗ ಅಡ್ಡ ನಿಂತಿತ್ತು" ಅನ್ನಿ. ಇದನ್ನು ಬರೆದುಕೊಳ್ಳುವಾಗ ನನಗೆ ನಗು ಬರಲಿಲ್ಲ. ಎಂಥ ಆಳ ಅನ್ನಿಸಿತು.

78 ಎಲೆಗಳಿಂದ ಮೂರನ್ನು ಒಂದರ ಪಕ್ಕ ಒಂದು ಇಡಲು 4,56,456 ಬಗೆಗಳಿವೆ. ಇಷ್ಟು ಬಗೆಗಳಲ್ಲಿ ಯಾವುದೇ ಬಂದರೂ ಎದುರಿಗೆ ಕೂತವರ ಬದುಕಿಗೆ ಅದು ಹೊಂದುತ್ತದೆ ಎಂದಾದರೆ, ಹೊಂದಿಸುತ್ತಿರುವುದು ಎಲೆಯಲ್ಲ ಎಂದು ತಿಳಿಯಲು ಗಣಿತ ಬೇಕಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರಣೆ ಎಂದು ಒಂದೊಂದು ಹಾಳೆ ಹಂಚಿದ. ಎಷ್ಟು ನಿಖರವಾಗಿದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಪೇಪರ್ ಅಂಗಡಿಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. ನಮ್ಮ ಬಗ್ಗೆ ಯಾರಾದರೂ ಗಮನವಿಟ್ಟು ಮಾತಾಡುತ್ತಿದ್ದಾರೆ ಅನ್ನಿಸಿದರೆ ಸಾಕು, ಮಿಕ್ಕಿದ್ದನ್ನು ನಾವೇ ತುಂಬಿಕೊಳ್ಳುತ್ತೇವೆ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬರೆಸಿದ್ದು ನವೆಂಬರಿನ ಒಂದು ರಾತ್ರಿ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಎದುರಿನ ಸಾಲಿನಲ್ಲಿ ಒಬ್ಬ ಜೂನಿಯರ್ ಇದ್ದಳು. ಎಂ.ಎ. ಮುಗಿದಿತ್ತು. ಅವಳ ಊರಿನ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಗುವುದಿತ್ತು. ಸಂಬಳ ಕಡಿಮೆ, ಆದರೆ ಮನೆಗೆ ಅದು ಬೇಕಿತ್ತು. ಇಲ್ಲೇ ಉಳಿದು ಡಿಸೆಂಬರಿನ ನೆಟ್ ಪರೀಕ್ಷೆಗೆ ಓದಬೇಕೆಂಬುದು ಅವಳ ಆಸೆ. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿ, "ಅಕ್ಕಾ, ಒಂದ್ಸಲ ತೆಗೀರಿ. ನಂಗೆ ತಲೆನೇ ಓಡ್ತಿಲ್ಲ" ಎಂದಳು. ತೆಗೆದೆ. ಮೊದಲನೆಯದು ಕತ್ತಿಯ ಎಂಟು: ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೆ ಪಟ್ಟಿ ಸುತ್ತಿದ ಒಬ್ಬ ಹೆಣ್ಣು, ಸುತ್ತ ಎಂಟು ಕತ್ತಿ. ಎರಡನೆಯದು ಗೋಪುರ. ಮೂರನೆಯದು ನಕ್ಷತ್ರ.

"ಈಗ ನೀನು ಇಲ್ಲಿದ್ದೀಯ, ಕಟ್ಟಿಹಾಕಿಸಿಕೊಂಡು" ಎಂದೆ. "ಮನೆಯವರು ಕಟ್ಟಿಟ್ಟಿರೋ ಲೆಕ್ಕ ಬೀಳಬೇಕು. ಬಿದ್ದಮೇಲೆ ನಕ್ಷತ್ರ ಇದೆ ನೋಡು." ನನ್ನ ದನಿ ನನಗೇ ಇಷ್ಟವಾಯಿತು. ಅವಳು ಹಗುರಾಗಿ ಎದ್ದು ಹೋಗಿ ಮಲಗಿದಳು. ಮರುದಿನ ಆ ಕಾಲೇಜಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು.

ನೆಟ್ ಫಲಿತಾಂಶ ಬಂತು. ಕೆಲವೇ ಅಂಕಗಳಲ್ಲಿ ತಪ್ಪಿತ್ತು. ಅವಳು ನನ್ನ ಮೇಲೆ ರೇಗಬಹುದು, ಮಾತು ಬಿಡಬಹುದು ಎಂದುಕೊಂಡಿದ್ದೆ. ಅವಳು ಬಂದು ನಗುತ್ತಲೇ ಹೇಳಿದಳು: "ಅಕ್ಕಾ, ನೀವು ಹೇಳಿದ್ದು ಕರೆಕ್ಟಾಯ್ತು. ಗೋಪುರ ಬಿತ್ತಲ್ಲ. ನಕ್ಷತ್ರ ಯಾವಾಗ ಬರುತ್ತೆ, ಇನ್ನೊಂದ್ಸಲ ತೆಗೀರಿ."

ನಾನು ಬೆದರಿದ್ದು ಆಗ. ಅವಳು ಪಾಸಾಗಿದ್ದರೂ ನಾನೇ ಸರಿ, ನಕ್ಷತ್ರ ಬಂತು. ಫೇಲಾದರೂ ನಾನೇ ಸರಿ, ಗೋಪುರ ಬಿತ್ತು. ಕೆಲಸಕ್ಕೆ ಸೇರಿ ನೊಂದಿದ್ದರೂ ನಾನೇ ಸರಿ, ಕತ್ತಿಗಳ ನಡುವೆ ಇದ್ದಾಳೆ. ಅವಳ ಬದುಕು ಎತ್ತ ತಿರುಗಿದರೂ ನನ್ನ ಮಾತಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಏಟು ಬಿದ್ದದ್ದು ಅವಳಿಗೆ, ಗೆದ್ದದ್ದು ನಾನು.

ಆ ರಾತ್ರಿ ಕತ್ತಿಯ ಎಂಟನ್ನು ಮತ್ತೆ ತೆಗೆದು ನೋಡಿದೆ. ಚಿತ್ರದ ಹೆಣ್ಣಿನ ಕಾಲಿಗೆ ಕಟ್ಟಿಲ್ಲ. ಮುಂದೆ ಕತ್ತಿಗಳಿಲ್ಲ, ದಾರಿ ತೆರೆದೇ ಇದೆ. "ಕೈಗೆ ಸಿಕ್ಕ ಕೆಲಸ ಹಿಡಿದು ಈ ಕತ್ತಿಗಳಿಂದ ಆಚೆ ನಡೆ" ಎಂದು ಓದಲು ಏನು ಅಡ್ಡಿಯಿತ್ತು? ಏನೂ ಇರಲಿಲ್ಲ. ಹಾಗಿದ್ದರೂ ಹೀಗೇಕೆ ಓದಿದೆ? ನಾಲ್ಕು ವರ್ಷದ ಹಿಂದೆ ಒಂದು ಖಾಸಗಿ ಕಾಲೇಜಿನ ಕೆಲಸ ಬಿಟ್ಟು, ಅಪ್ಪನ ಮಾತು ಮೀರಿ ಸಂಶೋಧನೆಗೆ ಬಂದವಳು ನಾನು. ಆ ನಿರ್ಧಾರ ಸರಿಯೆಂದು ಯಾರಾದರೂ ಹೇಳಬೇಕಿತ್ತು ನನಗೆ. ಅವಳ ಎಲೆಗಳಲ್ಲಿ ನನ್ನ ಬದುಕನ್ನು ಓದಿಕೊಂಡು, ಬಿಲ್ಲನ್ನು ಅವಳ ಹೆಸರಿಗೆ ಬರೆದೆ.

ತಿರುಪತಿಯ ಶ್ರೀನಿವಾಸ ಕಲ್ಯಾಣದ ಕಥೆ ನಮ್ಮಲ್ಲಿ ಹರಿಕಥೆ ಕೇಳಿದವರಿಗೆಲ್ಲ ಗೊತ್ತು. ಪದ್ಮಾವತಿಯ ಅರಮನೆಗೆ ಕಣಿ ಹೇಳುವ ಕೊರವಂಜಿ ಬರುತ್ತಾಳೆ. ಮಗಳ ಕೊರಗಿಗೆ ಕಾರಣ ಹೇಳುತ್ತಾಳೆ, ಶ್ರೀನಿವಾಸನಿಗೆ ಕೊಟ್ಟು ಮದುವೆ ಮಾಡಿ ಎಂದು ಪರಿಹಾರವನ್ನೂ ಸೂಚಿಸುತ್ತಾಳೆ. ಆ ಕೊರವಂಜಿಯ ವೇಷದಲ್ಲಿ ಇದ್ದವನು ಯಾರು? ವರ, ಶ್ರೀನಿವಾಸನೇ. ಭವಿಷ್ಯ ಹೇಳುವ ಬಾಯಿಯ ಹಿಂದೆ ಆ ಭವಿಷ್ಯ ಹಾಗೇ ಆಗಲಿ ಎಂದು ಬಯಸುವ ಒಬ್ಬರು ಇರುತ್ತಾರೆ ಎಂಬುದನ್ನು ನಮ್ಮ ಕಥೆಗಾರರು ಎಂದೋ ಬಲ್ಲರು. ಅಲ್ಲಿ ಇದ್ದವನು ದೇವರು, ಕಥೆ ಸುಖಾಂತವಾಯಿತು. ನನ್ನ ಕೋಣೆಯಲ್ಲಿ ಇದ್ದವಳು ತನ್ನ ಥೀಸಿಸ್ ಮುಗಿಯದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ.

ಇಟಲಿಯ ಆಟಕ್ಕೂ ಈ ಭವಿಷ್ಯಕ್ಕೂ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಆಮೇಲೆ. ಆಟದಲ್ಲಿ ಎಲೆಗೆ ನಿಶ್ಚಿತ ಬೆಲೆಯಿತ್ತು. ಹದಿಮೂರನೇ ತುರುಫು ಹನ್ನೆರಡನೆಯದನ್ನು ಹೊಡೆಯುತ್ತದೆ, ಹದಿನಾಲ್ಕರ ಮುಂದೆ ಸೋಲುತ್ತದೆ. ಆಡುವವರು ತಪ್ಪು ಲೆಕ್ಕ ಹಾಕಿದರೆ ಸೋಲು ಅವರದೇ, ಎಲ್ಲರ ಕಣ್ಣೆದುರಿಗೇ. ಭವಿಷ್ಯದ ವ್ಯಾಪಾರಕ್ಕೆ ಎಲೆಗಳೇನೋ ಬಂದವು, ಸೋಲು ಮಾತ್ರ ಬರಲಿಲ್ಲ. ಟ್ಯಾರೋಗೆ 1781ರ ನಂತರ ಆದ ನಿಜವಾದ ಪವಾಡ ಇದೊಂದೇ: ಸೋಲಬಹುದಾದ ಆಟವನ್ನು ಸೋಲಲಾರದ ಆಟ ಮಾಡಿದ್ದು.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. "ಮನಸ್ಸಿಗೆ ಸಮಾಧಾನ ಸಿಗುತ್ತದಲ್ಲ, ಸಾಲದೇ?" ಎಂಬುದು ಮೊದಲನೆಯದು. ಸಮಾಧಾನ ಸಣ್ಣ ವಸ್ತುವಲ್ಲ, ಒಪ್ಪಿದೆ. ರಾತ್ರಿ ಹನ್ನೊಂದಕ್ಕೆ ನಮ್ಮ ಮಾತನ್ನು ಕಿವಿಗೊಟ್ಟು ಕೇಳುವ ಒಬ್ಬರು ಸಿಗುವುದು ಎಂಥ ಭಾಗ್ಯ ಎಂಬುದು ಹಾಸ್ಟೆಲಿನಲ್ಲಿದ್ದವರಿಗೆ ಗೊತ್ತು. ಆದರೆ ಆ ಸಮಾಧಾನ ಕೊಟ್ಟದ್ದು ಕೇಳಿದ ಕಿವಿ, ಎಲೆಯಲ್ಲ. ಎಲೆಗೆ ಆ ಶ್ರೇಯಸ್ಸು ಕೊಟ್ಟರೆ ಪ್ರತಿ ದುಗುಡಕ್ಕೂ ಮತ್ತೆ ಎಲೆಯ ಮುಂದೆ ಕೂರಬೇಕಾಗುತ್ತದೆ. ನನ್ನ ಜೂನಿಯರ್ ಅದನ್ನೇ ಮಾಡತೊಡಗಿದ್ದಳು. ಯಾವ ಅಭ್ಯರ್ಥಿ ಪಟ್ಟಿಗೆ ಅರ್ಜಿ ಹಾಕಲಿ, ಗೆಳತಿಯ ಮದುವೆಗೆ ಹೋಗಲೇ, ಎಲ್ಲಕ್ಕೂ "ಒಂದ್ಸಲ ತೆಗೀರಿ". ನಿರ್ಧರಿಸುವುದೂ ಒಂದು ರೂಢಿ, ಬಳಸದೇ ಬಿಟ್ಟರೆ ಅದಕ್ಕೂ ತುಕ್ಕು ಹಿಡಿಯುತ್ತದೆ.

"ಇದು ಭವಿಷ್ಯವಲ್ಲ, ಒಂದು ಥರ ಥೆರಪಿ" ಎಂಬುದು ಎರಡನೆಯದು, ಇತ್ತೀಚಿನದು. ಆಪ್ತಸಲಹೆಗಾರರಿಗೆ ತರಬೇತಿಯಿದೆ, ಗುಟ್ಟು ಕಾಯುವ ಹೊಣೆಯಿದೆ, ತಮ್ಮ ಕೈ ಮೀರಿದ್ದನ್ನು ವೈದ್ಯರಿಗೆ ಕಳಿಸುವ ಕರ್ತವ್ಯವಿದೆ. ಎರಡು ವಾರಾಂತ್ಯದ ಕೊನೆಗೆ ನನ್ನ ಮೇಲ್‌ಗೆ ಬಂದ ಸರ್ಟಿಫಿಕೇಟಿನಲ್ಲಿ ಇದಾವುದೂ ಇರಲಿಲ್ಲ. ನನ್ನ ಹೆಸರು ಮಾತ್ರ ಬಂಗಾರದ ಬಣ್ಣದಲ್ಲಿತ್ತು. ಥೆರಪಿ ಎಂಬ ಪದದ ಗೌರವ ಬೇಕು, ಅದರ ಹೊಣೆ ಬೇಡ ಎನ್ನುವುದು ಯಾವ ನ್ಯಾಯ?

ಮೂರನೆಯದು ಪ್ರತಿವಾದವಲ್ಲ, ನಮ್ಮ ಇಬ್ಬಂದಿತನ. ರಸ್ತೆ ಬದಿ ಪಂಜರ ಇಟ್ಟುಕೊಂಡು ಕೂರುತ್ತಿದ್ದ ಗಿಳಿಶಾಸ್ತ್ರದವನನ್ನು ನೆನೆಸಿಕೊಳ್ಳಿ. ಅವನ ಗಿಳಿಯೂ ಎಲೆ ಎತ್ತುತ್ತಿತ್ತು, ಎಲೆಯ ಮೇಲೂ ಚಿತ್ರವಿತ್ತು, ಅವನೂ ಅರ್ಥ ಹೇಳುತ್ತಿದ್ದ. ಅವನನ್ನು ನಾವು ಮೌಢ್ಯದ ಮಾದರಿಯೆಂದು ಕರೆದೆವು. ಅದೇ ಕೆಲಸ ಕೆಫೆಯೊಂದರಲ್ಲಿ, ಸುಗಂಧದ ಮೇಣದಬತ್ತಿ ಹಚ್ಚಿ, ಇಂಗ್ಲಿಷಿನಲ್ಲಿ ನಡೆದರೆ ಅದು ಆತ್ಮಾವಲೋಕನ! ಗಿಳಿಯನ್ನು ಪಂಜರದಲ್ಲಿಟ್ಟದ್ದು ತಪ್ಪೇ, ಅದನ್ನು ಕಾನೂನೂ ಒಪ್ಪುವುದಿಲ್ಲ. ಆದರೆ ಚಿಲ್ಲರೆ ಕಾಸಿಗೆ ಹೇಳಿದ ಸುಳ್ಳು ಮೌಢ್ಯ, ಸಾವಿರಗಟ್ಟಲೆ ಪಡೆದು ಹೇಳಿದ ಸುಳ್ಳು ವೆಲ್‌ನೆಸ್ ಎಂಬ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಸುಳ್ಳಿಗೆ ಜಾತಿ, ವರ್ಗ, ಭಾಷೆಗಳ ರಿಯಾಯಿತಿ ಬೇಡ.

ಈಗ ನಮ್ಮ ಸರದಿ.

ಇದನ್ನು ಓದುತ್ತಿರುವ ಸಾಹಿತ್ಯದ ವಿದ್ಯಾರ್ಥಿಗಳು ಇಷ್ಟು ಹೊತ್ತು ತಲೆದೂಗಿರಬಹುದು. ನಾನೂ ತಲೆದೂಗುತ್ತಲೇ ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ತೆಗೆದೆ. ಒಂದು ಕಾದಂಬರಿಯ ಬಗ್ಗೆ ಐವತ್ತು ಪುಟ. ಓದುತ್ತಾ ಹೋದಂತೆ ಮೈ ಬೆವರಿತು. ಅಲ್ಲೂ ನಾನು ಮೂರು ಎಲೆ ತೆಗೆದಿದ್ದೆ: ಅಧಿಕಾರ, ದೇಹ, ಅಂಚು. ಪಾತ್ರ ಮಾತಾಡಿದರೆ ಅದು ಪ್ರತಿರೋಧ. ಸುಮ್ಮನಿದ್ದರೆ ಮೌನವೇ ಪ್ರತಿರೋಧ. ಸೋತು ಶರಣಾದರೆ, ಶರಣಾಗತಿಯ ಒಳಗೇ ಹುದುಗಿದ ಪ್ರತಿರೋಧ. ಕಾದಂಬರಿಕಾರ ಏನು ಬರೆದಿದ್ದರೂ ನನ್ನ ಅಧ್ಯಾಯ ಇದೇ ಆಗಿರುತ್ತಿತ್ತು. ಆ ಕಾದಂಬರಿಯನ್ನು ತೆಗೆದು ಇನ್ನೊಂದನ್ನು ಇಟ್ಟರೂ ಹೆಚ್ಚು ಸಾಲು ಬದಲಿಸಬೇಕಿರಲಿಲ್ಲ. ನನ್ನ ಟ್ಯಾರೋ ತರಗತಿಯವರು ಇದನ್ನು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ವಿಚಾರ ಸಂಕಿರಣಗಳಲ್ಲಿ ನಾವು ಮಂಡಿಸುವ ಎಷ್ಟು ಪ್ರಬಂಧಗಳು ಇದಕ್ಕಿಂತ ಬೇರೆಯಾಗಿವೆ? "ಪಠ್ಯಕ್ಕೆ ಹಲವು ಓದುಗಳಿವೆ" ಎಂಬುದು ನಿಜವೇ. ಅದನ್ನು ನಾವು "ಯಾವ ಓದೂ ತಪ್ಪಲ್ಲ" ಎಂದು ತಿರುಚಿಕೊಂಡೆವು. ಇವೆರಡರ ನಡುವೆ ಅಜಗಜಾಂತರವಿದೆ. ಒಳ್ಳೆಯ ಓದು ಪಠ್ಯದ ಕೈಗೆ ತನ್ನನ್ನು ಕೊಟ್ಟುಕೊಳ್ಳುತ್ತದೆ: "ನಾನು ಹೀಗೆ ಹೇಳುತ್ತಿದ್ದೇನೆ, ಇಂಥ ಸಾಲು, ಇಂಥ ಪ್ರಸಂಗ ಸಿಕ್ಕರೆ ನಾನು ತಪ್ಪು." ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಕೇಳಿದ್ದು ಇದನ್ನೇ, ಪರೀಕ್ಷೆಗೆ ಒಡ್ಡಿಕೊಳ್ಳಿ ಎಂದು. ಬಾಬಾಗಳನ್ನು ಹಾಗೆ ಕೇಳುವುದು ನಮಗೆ ಸುಲಭ. ನಮ್ಮ ಅಧ್ಯಾಯಗಳನ್ನು ಕೇಳುವುದು ಕಷ್ಟ.

ಹಾಗಾದರೆ ಟ್ಯಾರೋ ಕಲಿಯಬಾರದೇ? ಕಲಿಯಿರಿ. ಇತಾಲೊ ಕಾಲ್ವಿನೊ 1973ರ ತನ್ನ ಕಾದಂಬರಿಯಲ್ಲಿ ಈ ಎಲೆಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ ಕಥೆ ಹೆಣೆದ. ಒಂದೇ ಎಲೆ ಒಬ್ಬನ ಕಥೆಯಲ್ಲಿ ಒಂದು, ಇನ್ನೊಬ್ಬನ ಕಥೆಯಲ್ಲಿ ಇನ್ನೊಂದು. ಅವನು ಕಥೆ ಎಂದು ಹೇಳಿ ಕಥೆ ಮಾರಿದ. ಎಲಿಯಟ್ 1922ರ ತನ್ನ ಪ್ರಸಿದ್ಧ ಕವಿತೆಗೆ ಟ್ಯಾರೋ ತಂದು, ಆ ಕಟ್ಟಿನ ಸರಿಯಾದ ವಿವರ ತನಗೆ ತಿಳಿಯದೆಂದೂ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡೆನೆಂದೂ ಟಿಪ್ಪಣಿಯಲ್ಲೇ ಒಪ್ಪಿಕೊಂಡ. ಭವಿಷ್ಯ ಹೇಳುವ ಎಷ್ಟು ಜನರಿಗೆ ಈ ಪ್ರಾಮಾಣಿಕತೆ ಇದೆ?

ಚಿತ್ರವನ್ನು ಚಿತ್ರವಾಗಿ ನೋಡುವುದನ್ನು ಕಲಿಯಿರಿ. ಬರೆದವಳ ಹೆಸರು ಕಲಿಯಿರಿ. ಎಲೆ ಇಟ್ಟಾಗ ಅರ್ಥ ಹೇಳಬೇಡಿ, ಎದುರಿಗಿದ್ದವರಿಗೆ ಏನು ಕಾಣುತ್ತದೆಂದು ಕೇಳಿ, ಹೇಳಿದ್ದಕ್ಕೆ ಕಿವಿಗೊಡಿ. ಕಾಯಿಲೆ, ಕೋರ್ಟು, ಅಲ್ಲಿಲ್ಲದ ಮೂರನೆಯವರ ಮನಸ್ಸು, ಇವುಗಳ ಬಗ್ಗೆ ಪ್ರಶ್ನೆ ಬಂದರೆ ಕಟ್ಟು ಮುಚ್ಚಿಡಿ. ಇಷ್ಟೆಲ್ಲ ಆದಮೇಲೂ ನಾಳೆ ಹೀಗೇ ಆಗುತ್ತದೆ ಎನ್ನುವ ಆಸೆ ನಾಲಿಗೆ ತುದಿಗೆ ಬಂದರೆ, ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಏನಾದರೆ ನಿಮ್ಮ ಮಾತು ಸುಳ್ಳು ಎಂಬುದನ್ನೂ ಅದರ ಕೆಳಗೆ ಬರೆಯಿರಿ. ಆ ಎರಡನೇ ಸಾಲು ಬರೆಯಲು ಕೈ ಬರದಿದ್ದರೆ ಮೊದಲನೆಯದನ್ನು ಹೇಳುವ ಹಕ್ಕೂ ನಿಮಗಿಲ್ಲ.

ನನ್ನ ಜೂನಿಯರ್‌ಗೆ ನಾನು ಇದೆಲ್ಲ ಹೇಳಿ ಕ್ಷಮೆ ಕೇಳಿದೆ. ಅವಳಿಗೆ ಸಿಟ್ಟು ಬಂತು, ಎಲೆಗಳ ಮೇಲಲ್ಲ, ನನ್ನ ಮೇಲೆ. ನನಗೆ ಅದು ಒಳ್ಳೆಯದೆನ್ನಿಸಿತು. ಮೊದಲ ಬಾರಿಗೆ ನನ್ನ ಓದು ತಪ್ಪೆಂದು ಅವಳು ಹೇಳಿದ್ದಳು. ಈ ವರ್ಷ ಅವಳು ಯಾರನ್ನೂ ಕೇಳದೆ ಬೇರೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡಿದ್ದಾಳೆ. ಅದು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ನಿರ್ಧಾರ ಅವಳದು, ಅದು ತಪ್ಪಾದರೆ ತಪ್ಪೂ ಅವಳದೇ. ನಾನು ಅವಳಿಂದ ಕಸಿದುಕೊಂಡದ್ದು ಅದನ್ನೇ.

ನಾನು ಎರಡನೇ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.